ಅಪ್ಪನ ಕ್ಯಾಮೆರಾ, ಮಗಳ ಬಾತುಕೋಳಿ

1884ರ ಜುಲೈ 28, ಸೋಮವಾರ. ಲಂಡನ್ನಿನ ಹೆಸರಾಂತ ಚಿತ್ರಕಾರ ಜಾನ್ ಎವರೆಟ್ ಮಿಲೇಯ ಸ್ಟುಡಿಯೋದಲ್ಲಿ ಬ್ರಿಟನ್ನಿನ ಪ್ರಧಾನಿ ಗ್ಲಾಡ್‌ಸ್ಟನ್ ಕುಳಿತಿದ್ದ. ಮಿಲೇ ಆತನ ಭಾವಚಿತ್ರ ಬರೆಯುತ್ತಿದ್ದ. ಚಿತ್ರಕ್ಕೆ ನೆರವಾಗಲೆಂದು ಅಲ್ಲಿ ಆತನ ಫೋಟೋ ತೆಗೆದವನು ರೂಪರ್ಟ್ ಪಾಟರ್. ಓದಿದ್ದು ಕಾನೂನು, ಮನಸ್ಸೆಲ್ಲ ಕ್ಯಾಮೆರಾದ ಮೇಲೆ. ಅವತ್ತು ಆತನ ಮಗಳ ಹದಿನೆಂಟನೆಯ ಹುಟ್ಟುಹಬ್ಬ. ಅಪ್ಪ ಬೆಳಗ್ಗೆ ಎಲ್ಲಿಗೆ ಹೋಗಿದ್ದ, ಯಾರ ಫೋಟೋ ತೆಗೆದ ಎನ್ನುವುದನ್ನು ಮಗಳು ತನ್ನ ದಿನಚರಿಯಲ್ಲಿ ಬರೆದಿಟ್ಟಳು. ಬರೆದದ್ದು ಮನೆಯವರು ಯಾರೂ ಓದಲಾಗದ ಒಂದು ಗುಪ್ತಲಿಪಿಯಲ್ಲಿ.

ಆ ಮಗಳು ಬಿಯಾಟ್ರಿಕ್ಸ್ ಪಾಟರ್. ನೀಲಿ ಕೋಟು ತೊಟ್ಟ ಪೀಟರ್ ಎಂಬ ಮೊಲದ ಕತೆ ಬರೆದವಳು. ಆಕೆಯ ಪುಸ್ತಕಗಳು ನಮ್ಮ ಇಂಗ್ಲಿಷ್ ಶಾಲೆಗಳ ಲೈಬ್ರರಿಗಳಲ್ಲೂ ಸಿಗುತ್ತವೆ, ಮಕ್ಕಳಿರುವ ಮನೆಗಳಲ್ಲಿ ಆ ಮೊಲದ ಚಿತ್ರವಿರುವ ಬಟ್ಟಲೋ ಲೋಟವೋ ಇದ್ದರೂ ಇದ್ದೀತು. ಆದರೆ ಆಕೆಯ ಅಪ್ಪ ಒಬ್ಬ ಗಣ್ಯ ಹವ್ಯಾಸಿ ಛಾಯಾಗ್ರಾಹಕನಾಗಿದ್ದ ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಆತ ತೆಗೆದ ನೂರಾರು ಫೋಟೋಗಳು ಉಳಿದಿವೆ. ಒಂದು ಮನೆತನದ ಬಾಳುವೆ, ಅವರ ಪ್ರವಾಸ, ನಾಯಿ, ಮೊಲ, ಮೀನು, ಅತಿಥಿಗಳು ಎಲ್ಲವೂ ಅದರಲ್ಲಿವೆ. ಅವನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಬಹಳ ಸುಖವಾಗಿ ಬಾಳಿದ ಕುಟುಂಬ ಎನ್ನಿಸುತ್ತದೆ. ಮಗಳು ಗುಟ್ಟಾಗಿ ಬರೆದದ್ದನ್ನೂ ಮುಂದೆ ತನ್ನ ಬಾತುಕೋಳಿಯ ಬಗ್ಗೆ ಬರೆದದ್ದನ್ನೂ ಅವುಗಳ ಜೊತೆಗಿಟ್ಟರೆ ಬೇರೆಯೇ ಒಂದು ಮನೆ ಕಾಣುತ್ತದೆ.

ಮೊದಲು ದುಡ್ಡಿನ ಮಾತು. ರೂಪರ್ಟ್ ಹುಟ್ಟಿದ್ದು 1832ರಲ್ಲಿ. ಆತನ ಅಪ್ಪ ಎಡ್ಮಂಡ್ ಪಾಟರ್ ಮ್ಯಾಂಚೆಸ್ಟರ್ ಸೀಮೆಯ ಗ್ಲಾಸಪ್ ಊರಿನಲ್ಲಿ ಹತ್ತಿಬಟ್ಟೆಗೆ ಅಚ್ಚು ಹಾಕುವ ದೊಡ್ಡ ಕಾರ್ಖಾನೆ ನಡೆಸುತ್ತಿದ್ದವನು, ಮುಂದೆ ಪಾರ್ಲಿಮೆಂಟಿನ ಸದಸ್ಯನೂ ಆದ. ಆ ಬಟ್ಟೆಯನ್ನು ಇಂಗ್ಲಿಷರು ಕ್ಯಾಲಿಕೋ ಎನ್ನುತ್ತಾರೆ. ನಮ್ಮ ಪಶ್ಚಿಮ ಕರಾವಳಿಯ ಕಲ್ಲಿಕೋಟೆಯಿಂದ ಹೋದ ಹೆಸರು ಅದು. ರೂಪರ್ಟನ ಹೆಂಡತಿ ಹೆಲೆನ್ ಕೂಡ ಹತ್ತಿ ವ್ಯಾಪಾರಿಯ ಮಗಳೇ. ಎರಡೂ ಕಡೆಯ ಹತ್ತಿ ಹಣ ಸೇರಿ ಲಂಡನ್ನಿನ ಕೆನ್ಸಿಂಗ್ಟನ್‌ನ ಬೋಲ್ಟನ್ ಗಾರ್ಡನ್ಸ್ ಎಂಬಲ್ಲಿ ಒಂದು ಎತ್ತರದ ಮನೆಯಾಯಿತು. ಆಳುಕಾಳು, ಕುದುರೆಗಾಡಿ ಬಂದವು. ರೂಪರ್ಟ್ 1857ರಲ್ಲಿ ಬ್ಯಾರಿಸ್ಟರ್ ಆಗಿದ್ದ. ಆದರೆ ಹೊಟ್ಟೆಪಾಡಿಗಾಗಿ ಕೋರ್ಟು ಮೆಟ್ಟಿಲು ಹತ್ತಬೇಕಾದ ಗರಜು ಇರಲಿಲ್ಲ. ಕ್ಲಬ್ಬು, ಚಿತ್ರಪ್ರದರ್ಶನ, ಕ್ಯಾಮೆರಾ, ಇವುಗಳಲ್ಲಿ ಆತನ ದಿನ ಹೋಗುತ್ತಿತ್ತು. ಇದೆಲ್ಲ ಈಗಲೇ ಯಾಕೆ ಹೇಳಿದೆನೆಂದರೆ, ‘ವ್ಯಾಪಾರಸ್ಥರ ಮನೆ’ ಎಂಬ ಮಾತು ಇದೇ ಮನೆಯಲ್ಲಿ ಮುಂದೆ ಬೈಗುಳವಾಗಿ ಬರಲಿದೆ.

1869ರಲ್ಲಿ ರೂಪರ್ಟ್ ಲಂಡನ್ನಿನ ಫೋಟೋಗ್ರಾಫಿಕ್ ಸೊಸೈಟಿಗೆ ಸದಸ್ಯನಾಗಿ ಆಯ್ಕೆಯಾದ. ಆಗ ಫೋಟೋ ತೆಗೆಯುವುದೆಂದರೆ ಅಡುಗೆಯಷ್ಟೇ ಗದ್ದಲದ ಕೆಲಸ. ಗಾಜಿನ ಫಲಕಕ್ಕೆ ಕೊಲೋಡಿಯನ್ ಎಂಬ ಅಂಟು ದ್ರಾವಣ ಸುರಿದು ಸಮನಾಗಿ ಹರಡಬೇಕು. ಕತ್ತಲೆಯಲ್ಲಿ ಅದನ್ನು ಬೆಳ್ಳಿಯ ಲವಣ ಕರಗಿಸಿದ ನೀರಿನಲ್ಲಿ ಅದ್ದಬೇಕು. ಅದು ಒಣಗುವುದರೊಳಗೆ ಕ್ಯಾಮೆರಾಕ್ಕೆ ಏರಿಸಿ ಚಿತ್ರ ತೆಗೆದು, ಮತ್ತೆ ಕತ್ತಲೆಗೆ ಓಡಿ ತೊಳೆಯಬೇಕು. ಮನೆಯಿಂದ ಹೊರಗೆ ಹೋದರೆ ಕತ್ತಲೆಕೋಣೆಯನ್ನೂ ಜೊತೆಗೆ ಹೊತ್ತುಕೊಂಡೇ ಹೋಗಬೇಕು. 1880ರ ಹೊತ್ತಿಗೆ ಕಾರ್ಖಾನೆಯಲ್ಲೇ ತಯಾರಾದ ಒಣ ಫಲಕಗಳು ಅಂಗಡಿಗೆ ಬಂದ ಮೇಲೆ ಈ ತಾಪತ್ರಯ ಕಡಿಮೆಯಾಯಿತು. ರೂಪರ್ಟ್ ಎರಡೂ ಕಾಲವನ್ನು ಕಂಡವನು.

ಈ ವಿದ್ಯೆ ಆತನಿಗೆ ದೊಡ್ಡವರ ಸಹವಾಸ ತಂದುಕೊಟ್ಟಿತು. ಮಿಲೇಗೆ ಚಿತ್ರದ ಹಿನ್ನೆಲೆಗೆ ಬೇಕಾದ ನಿಸರ್ಗದೃಶ್ಯ, ಭಾವಚಿತ್ರಕ್ಕೆ ಕೂತವರ ಮುಖ ಇವುಗಳ ಫೋಟೋ ತೆಗೆದುಕೊಡುತ್ತಿದ್ದ. ಒಬ್ಬ ಮಂತ್ರಿಯನ್ನು ಗಂಟೆಗಟ್ಟಲೆ ಕೂರಿಸಿಕೊಳ್ಳಲು ಆಗದಿದ್ದಾಗ ಫೋಟೋ ನೋಡಿ ಬಣ್ಣ ಹಚ್ಚಬಹುದಲ್ಲ. ಅಪ್ಪನ ಜೊತೆ ಮಗಳೂ ಕೆಲವು ಸಲ ಮಿಲೇಯ ಮನೆಗೆ ಹೋಗುತ್ತಿದ್ದಳು. ಚಿತ್ರ ಹೇಗೆ ಹುಟ್ಟುತ್ತದೆ, ಅದರ ಹಿಂದೆ ಫೋಟೋ ಹೇಗೆ ಅಡಗಿರುತ್ತದೆ ಎನ್ನುವುದು ಆಕೆಗೆ ಚಿಕ್ಕಂದಿನಲ್ಲೇ ಗೊತ್ತು.

ಆದರೆ ಆತನ ಕ್ಯಾಮೆರಾ ನಿಜಕ್ಕೂ ಅರಳುತ್ತಿದ್ದದ್ದು ರಜೆಯಲ್ಲಿ. ವಸಂತದಲ್ಲಿ ಈಸ್ಟರ್ ಹೊತ್ತಿಗೆ ಲಂಡನ್ನಿನ ಮನೆಯನ್ನು ಆಳುಗಳು ತೊಳೆದು ಬಳಿಯುವಾಗ ಕುಟುಂಬ ಎರಡು ವಾರ ಸಮುದ್ರತೀರಕ್ಕೆ ಹೋಗುತ್ತಿತ್ತು. ಬೇಸಗೆಗೆ ಮೂರು ತಿಂಗಳು ದೂರದ ದೊಡ್ಡ ಮನೆಯೊಂದನ್ನು ಬಾಡಿಗೆಗೆ ಹಿಡಿಯುವುದು ಪದ್ಧತಿ. 1871ರಿಂದ 1881ರವರೆಗೆ ಆ ಮನೆ ಸ್ಕಾಟ್‌ಲೆಂಡಿನ ಪರ್ತ್‌ಶೈರ್‌ನಲ್ಲಿ, ಟೇ ನದಿಯ ದಂಡೆಯ ಡಾಲ್‌ಗೈಸ್. ಅಲ್ಲಿ ಗಂಡಸರು ಸಾಲ್ಮನ್ ಮೀನು ಹಿಡಿದು ಸಾಲಾಗಿ ನಿಂತರೆ ರೂಪರ್ಟ್ ಫೋಟೋ ತೆಗೆದ. ರಾಜಕಾರಣಿ ಜಾನ್ ಬ್ರೈಟ್ ಬಂದ. ಕಾದಂಬರಿಕಾರ್ತಿ ಎಲಿಜಬೆತ್ ಗ್ಯಾಸ್ಕೆಲ್ ತೀರಿಕೊಂಡ ಮೇಲೆ ಆಕೆಯ ಗಂಡ, ಪಾದ್ರಿ ವಿಲಿಯಂ ಗ್ಯಾಸ್ಕೆಲ್ ಬಂದ. ಆ ಮುದುಕನೂ ಪುಟ್ಟ ಬಿಯಾಟ್ರಿಕ್ಸಳೂ ಒಂದೇ ಫೋಟೋದಲ್ಲಿದ್ದಾರೆ. ಸ್ಪಾಟ್ ಎಂಬ ಸ್ಪ್ಯಾನಿಯಲ್ ನಾಯಿಯ ಜೊತೆ ನಿಂತ ಹುಡುಗಿಯ ಫೋಟೋ ಇದೆ, ತಮ್ಮ ಬರ್ಟ್ರಮ್ ಜೊತೆಗಿನದಿದೆ. 1890ರ ದಶಕದ ಸುಮಾರಿಗೆ ತೆಗೆದ ಇನ್ನೊಂದರಲ್ಲಿ ಬೆಳೆದ ಹೆಂಗಸಾದ ಬಿಯಾಟ್ರಿಕ್ಸ್ ಬೆಂಜಮಿನ್ ಎಂಬ ಮೊಲಕ್ಕೆ ಹಗ್ಗ ಕಟ್ಟಿ ಹಿಡಿದುಕೊಂಡಿದ್ದಾಳೆ. ಮೊಲವನ್ನು ನಾಯಿಯಂತೆ ಹಗ್ಗ ಕಟ್ಟಿ ತಿರುಗಾಡಿಸುವುದು ನಮಗೆ ತಮಾಷೆ ಎನ್ನಿಸಬಹುದು, ಆಕೆಗದು ದಿನದ ಕೆಲಸ.

ಇಪ್ಪತ್ತೈದು ವರ್ಷದ ಹೆಂಗಸು ಅಪ್ಪನ ಮನೆಯಲ್ಲಿ ಮೊಲ ತಿರುಗಿಸುತ್ತ ಇರುವುದು ಆ ವರ್ಗದಲ್ಲಿ ವಿಶೇಷವೇನಲ್ಲ. ಮದುವೆಯಾಗದ ಮಗಳು ಅಪ್ಪ ಅಮ್ಮನ ಆರೈಕೆಗೆ ಇರುವವಳು. ಶಾಲೆಯ ಮುಖ ಕಾಣಲಿಲ್ಲ, ಪಾಠ ಹೇಳಲು ಮನೆಗೇ ಟೀಚರಮ್ಮಂದಿರು ಬರುತ್ತಿದ್ದರು. ತಮ್ಮ ಬರ್ಟ್ರಮ್‌ನನ್ನು ಬೋರ್ಡಿಂಗ್ ಶಾಲೆಗೆ ಕಳಿಸಿದರು. ಆಕೆ ಅಣಬೆಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ 1897ರಲ್ಲಿ ಬರೆದ ಪ್ರಬಂಧ ಲಿನಿಯನ್ ಸೊಸೈಟಿಯ ಮುಂದೆ ಬಂತು. ಹೆಂಗಸರಿಗೆ ಅಲ್ಲಿ ಪ್ರವೇಶವಿರಲಿಲ್ಲವಾದ್ದರಿಂದ ಬೇರೊಬ್ಬ ಅದನ್ನು ಮಂಡಿಸಿದ.

ಇನ್ನು ಆ ಗುಪ್ತಲಿಪಿ. ಸುಮಾರು ಹದಿನೈದನೆಯ ವಯಸ್ಸಿನಿಂದ ಮೂವತ್ತರವರೆಗೆ ಆಕೆ ಅದರಲ್ಲೇ ಬರೆದಳು. ತಾನೇ ಕಟ್ಟಿಕೊಂಡ ಅಕ್ಷರಗಳು, ಇರುವೆ ಸಾಲಿನಷ್ಟು ಸಣ್ಣವು. ಆಕೆ ತೀರಿಕೊಂಡು ಹದಿನೈದು ವರ್ಷದ ಮೇಲೆ, 1958ರಲ್ಲಿ, ಲೆಸ್ಲಿ ಲಿಂಡರ್ ಎಂಬ ಆಸಕ್ತ ಅದನ್ನು ಬಿಡಿಸಿದ. ಒಂದು ಪುಟದಲ್ಲಿ ರೋಮನ್ ಅಂಕಿಯಲ್ಲಿ ಹದಿನಾರು, ಪಕ್ಕದಲ್ಲಿ 1793 ಎಂಬ ಇಸವಿ ಕಣ್ಣಿಗೆ ಬಿತ್ತು. ಫ್ರಾನ್ಸಿನ ಹದಿನಾರನೆಯ ಲೂಯಿಯ ತಲೆ ಕಡಿದ ವರ್ಷ ಅದು. ಆ ಎಳೆ ಹಿಡಿದು ಒಂದೊಂದೇ ಅಕ್ಷರ ಗುರುತಿಸಿದ. ದಿನಚರಿ ಅಚ್ಚಾದದ್ದು 1966ರಲ್ಲಿ. ಅದರಲ್ಲಿ ಭಯಂಕರ ರಹಸ್ಯವೇನೂ ಇಲ್ಲ ಎಂದು ಕೆಲವರಿಗೆ ನಿರಾಸೆಯಾಯಿತಂತೆ. ನನಗೆ ಅದೇ ದೊಡ್ಡ ಸುದ್ದಿ ಎನ್ನಿಸುತ್ತದೆ. ಅಪ್ಪ ಪ್ರಧಾನಿಯ ಫೋಟೋ ತೆಗೆಯಲು ಹೋದ ಎಂಬಷ್ಟು ಸಾಧಾರಣ ಮಾತನ್ನೂ ಬೀಗ ಹಾಕಿ ಇಡಬೇಕು ಅನ್ನಿಸುವ ಮನೆ ಎಂಥದ್ದಿರಬೇಕು?

ಪಾಟರ್ ಕುಟುಂಬದ ಬಗ್ಗೆ ಬರೆದವರು ಬಹಳಮಟ್ಟಿಗೆ ಅಮ್ಮ ಹೆಲೆನ್‌ಳನ್ನು ಖಳನಾಯಕಿ ಮಾಡಿದ್ದಾರೆ. ಬಿಗಿ ಮುಖದ, ಮಗಳನ್ನು ಮನೆಗೆಲಸದ ಮೇಲ್ವಿಚಾರಣೆಗೆ ಕಟ್ಟಿಹಾಕಿದ ಹೆಂಗಸು ಅಂತ. ಅದರಲ್ಲಿ ಸುಳ್ಳಿಲ್ಲದಿರಬಹುದು. ಆದರೆ ಅಪ್ಪ ಸಲೀಸಾಗಿ ಪಾರಾಗಿದ್ದಾನೆ. ಕ್ಯಾಮೆರಾ ಹಿಡಿದವನು ಬಹುಪಾಲು ಚಿತ್ರದಲ್ಲಿ ಇರುವುದಿಲ್ಲ, ಹಾಗಾಗಿ ಅವನ ಮುಖದ ಬಿಗಿಯೂ ಕಾಣುವುದಿಲ್ಲ. ಮಗಳಿಗೆ ಹಳೆಯ ಕ್ಯಾಮೆರಾ ಕೊಟ್ಟವನು, ಫೋಟೋ ತೆಗೆಯುವುದನ್ನು ಕಲಿಸಿದವನು, ಚಿತ್ರಶಾಲೆಗಳಿಗೆ ಕರೆದೊಯ್ದವನು ಅವನೇ. ಆಕೆಯ ಚಿತ್ರಗಳಲ್ಲಿ ಎಲೆಯ ನರ, ಮೊಲದ ಕಿವಿಯ ಹಿಂದಿನ ಬೆಳಕು ಅಷ್ಟು ಕರಾರುವಾಕ್ಕಾಗಿ ಬಂದಿದ್ದರೆ ಅದರಲ್ಲಿ ಆ ಗಾಜಿನ ಫಲಕಗಳ ಪಾಲೂ ಇದೆ. ಕೊಟ್ಟದ್ದು ನಿಜ, ಹಿಡಿದಿಟ್ಟದ್ದೂ ನಿಜ.

ಹಿಡಿದಿಟ್ಟದ್ದು ಎಷ್ಟು ಗಟ್ಟಿಯಾಗಿತ್ತು ಎನ್ನುವುದು 1905ರಲ್ಲಿ ಗೊತ್ತಾಯಿತು. ಆಕೆಯ ಪುಸ್ತಕಗಳನ್ನು ಫ್ರೆಡರಿಕ್ ವಾರ್ನ್ ಕಂಪನಿ ಅಚ್ಚು ಹಾಕುತ್ತಿತ್ತು. ಆ ಮನೆತನದ ಕಿರಿಯ ಮಗ ನಾರ್ಮನ್ ವಾರ್ನ್‌ಗೂ ಆಕೆಗೂ ಕೆಲಸದ ನೆಪದಲ್ಲಿ ಸ್ನೇಹ ಬೆಳೆದಿತ್ತು. ಜುಲೈ 25ರಂದು ಪತ್ರದ ಮೂಲಕ ಆತ ಮದುವೆಯ ಪ್ರಸ್ತಾಪ ಮಾಡಿದ. ಆಕೆಗೆ 39 ತುಂಬಲು ಮೂರು ದಿನ ಬಾಕಿ. ಒಪ್ಪಿಕೊಂಡಳು. ಅಪ್ಪ ಅಮ್ಮ ಇಬ್ಬರೂ ಕೂಡದು ಎಂದರು. ಹುಡುಗ ವ್ಯಾಪಾರಸ್ಥರ ಮನೆಯವನು ಎನ್ನುವುದು ಕಾರಣ. ಅಚ್ಚು ಹಾಕಿದ ಬಟ್ಟೆ ಮಾರಿ ಬಂದ ದುಡ್ಡಿನಲ್ಲಿ ಕುಳಿತು ಅಚ್ಚು ಹಾಕಿದ ಪುಸ್ತಕ ಮಾರುವವನನ್ನು ಕೀಳೆಂದರು! ಸೊಸೆ ತರುವಾಗಲೂ ಅಳಿಯನನ್ನು ಹುಡುಕುವಾಗಲೂ ಒಂದು ತಲೆಮಾರಿನ ಹಿಂದಿನ ತಮ್ಮ ಮನೆಯ ಕಸುಬನ್ನು ಮರೆಯುವವರು ನಮ್ಮಲ್ಲೂ ಕಡಿಮೆಯಿಲ್ಲ ಬಿಡಿ. ಆಕೆ ಉಂಗುರ ಹಾಕಿಕೊಂಡಳು, ಸುದ್ದಿ ಮಾತ್ರ ಹೊರಗೆ ಹೋಗಬಾರದೆಂದಾಯಿತು. ಸರಿಯಾಗಿ ಒಂದು ತಿಂಗಳಿಗೆ, ಆಗಸ್ಟ್ 25ರಂದು, ನಾರ್ಮನ್ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ. ಆಕೆ ಆಗ ಕುಟುಂಬದ ಜೊತೆ ವೇಲ್ಸ್‌ನಲ್ಲಿ ರಜೆಯಲ್ಲಿದ್ದಳು.

ಅದೇ ವರ್ಷದ ನವೆಂಬರಿನಲ್ಲಿ ಆಕೆ ಇಂಗ್ಲೆಂಡಿನ ಉತ್ತರದ ಸರೋವರ ಸೀಮೆಯ ನಿಯರ್ ಸಾರಿ ಎಂಬ ಹಳ್ಳಿಯಲ್ಲಿ ಹಿಲ್ ಟಾಪ್ ಎಂಬ 34 ಎಕರೆಯ ತೋಟ ಕೊಂಡಳು. ಪುಸ್ತಕದ ಹಣ, ಜೊತೆಗೆ ಸೋದರತ್ತೆಯೋ ಚಿಕ್ಕಮ್ಮನೋ ಯಾರೋ ಬಂಧು ಬಿಟ್ಟುಹೋದ ಸ್ವಲ್ಪ ಗಂಟು. ಅಪ್ಪನ ದುಡ್ಡಲ್ಲ. ಆ ಸೀಮೆಯ ಪರಿಚಯ ಮಾಡಿಸಿದ್ದು ಮಾತ್ರ ಅಪ್ಪನ ರಜೆಗಳೇ. ಡಾಲ್‌ಗೈಸ್ ಸಿಗದಾದಾಗ, 1882ರಲ್ಲಿ, ವಿಂಡರ್‌ಮಿಯರ್ ಸರೋವರದ ದಂಡೆಯ ರೇ ಕ್ಯಾಸಲ್ ಬಾಡಿಗೆಗೆ ಹಿಡಿದಿದ್ದ. ಅಲ್ಲಿ ಪರಿಚಯವಾದ ಪಾದ್ರಿ ಹಾರ್ಡ್‌ವಿಕ್ ರಾನ್ಸ್‌ಲೀ ಮುಂದೆ 1895ರಲ್ಲಿ ನ್ಯಾಷನಲ್ ಟ್ರಸ್ಟ್ ಕಟ್ಟಿದ ಮೂವರಲ್ಲಿ ಒಬ್ಬ. ಅದರ ಮೊದಲ ಆಜೀವ ಸದಸ್ಯ ಬೇರೆ ಯಾರೂ ಅಲ್ಲ, ರೂಪರ್ಟ್ ಪಾಟರ್.

ತೋಟ ಕೊಂಡರೇನಾಯಿತು, ಅಲ್ಲಿ ಹೋಗಿ ಇರುವಂತಿರಲಿಲ್ಲ. ಮುಪ್ಪಾದ ಅಪ್ಪ ಅಮ್ಮನನ್ನು ಬಿಟ್ಟು ಮಗಳು ಬೇರೆ ಮನೆ ಹೂಡುವುದುಂಟೆ? ಹಾಗಾಗಿ ಶುರುವಾದದ್ದು ಬಂದುಹೋಗುವ ಬದುಕು. ಲಂಡನ್ನಿನಲ್ಲಿ ರೈಲು ಹತ್ತಿ ವಿಂಡರ್‌ಮಿಯರ್‌ನಲ್ಲಿ ಇಳಿದು, ದೋಣಿಯಲ್ಲಿ ಸರೋವರ ದಾಟಿ, ಆಚೆ ದಡದಿಂದ ದಿಬ್ಬ ಹತ್ತಿದರೆ ಸಾರಿ. ಎರಡು ದಿನ, ನಾಲ್ಕು ದಿನ, ಮನೆಯಲ್ಲಿ ಬಿಟ್ಟಷ್ಟು ದಿನ. ಅಪ್ಪ ಅಮ್ಮ ಅದೇ ಸೀಮೆಗೆ ರಜೆಗೆ ಬಂದಾಗ ಅವರ ಬಾಡಿಗೆ ಮನೆಯಿಂದ ತನ್ನ ಸ್ವಂತ ಮನೆಗೆ ಹೋಗಿಬರುವುದು. ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಬಸ್ಸು ಹತ್ತಿ ಸಾಗರಕ್ಕೋ ಮೂಡಿಗೆರೆಗೋ ಹೋಗಿ ತೋಟ ನೋಡಿ ಸೋಮವಾರ ಬೆಳಗ್ಗೆ ಆಫೀಸಿಗೆ ಬರುವವರಿಗೆ ಈ ಬದುಕು ಅರ್ಥವಾದೀತು. ವ್ಯತ್ಯಾಸ ಇಷ್ಟೇ, ಅವರು ಸಂಬಳಕ್ಕಾಗಿ ವಾಪಸಾಗುತ್ತಾರೆ, ಆಕೆ ಅಪ್ಪಣೆ ಮುಗಿಯಿತೆಂದು ವಾಪಸಾಗುತ್ತಿದ್ದಳು.

ತೋಟ ನೋಡಿಕೊಳ್ಳಲು ಜಾನ್ ಕ್ಯಾನನ್ ಎಂಬ ರೈತ, ಅವನ ಹೆಂಡತಿ, ರಾಲ್ಫ್ ಮತ್ತು ಬೆಟ್ಸಿ ಎಂಬ ಮಕ್ಕಳು ಮೊದಲಿನಿಂದಲೇ ಅಲ್ಲಿದ್ದರು. ಆಕೆ ಅವರಿಗೆಂದು ಮನೆಗೆ ಹೊಸ ಭಾಗ ಸೇರಿಸಿ ಕಟ್ಟಿಸಿ, ಹಳೆಯ ಭಾಗವನ್ನು ತನಗಿಟ್ಟುಕೊಂಡಳು. ದನ, ಹಂದಿ, ಕುರಿ, ಕೋಳಿ ಬಂದವು. ಬಾತುಕೋಳಿಗಳೂ.

ಬಾತು ಸಾಕಿದವರಿಗೆ ಒಂದು ವಿಷಯ ಹೇಳಿಕೊಡಬೇಕಿಲ್ಲ. ಅದು ಮೊಟ್ಟೆಯಿಡುತ್ತದೆ, ಕಾವಿಗೆ ಕೂರುವುದರಲ್ಲಿ ಭರವಸೆಯಿಲ್ಲ. ಕಂಡಲ್ಲಿ ಮೊಟ್ಟೆಯಿಟ್ಟು ನೀರಿಗೆ ಹೋಗಿಬಿಡುತ್ತದೆ. ಕೂತರೂ ನಾಲ್ಕು ದಿನಕ್ಕೆ ಎದ್ದು ನಡೆಯುತ್ತದೆ. ಅದಕ್ಕೇ ನಮ್ಮ ಹಳ್ಳಿಗಳಲ್ಲೂ ಬಾತಿನ ಮೊಟ್ಟೆಯನ್ನು ಕಾವಿಗೆ ಬಂದ ಹೇಂಟೆಯ ಅಡಿಗೆ ಇಡುತ್ತಾರೆ. ಕೋಳಿಮರಿಗೆ ಇಪ್ಪತ್ತೊಂದು ದಿನ ಸಾಕು, ಬಾತುಮರಿಗೆ ಇಪ್ಪತ್ತೆಂಟು. ಪಾಪದ ಹೇಂಟೆ ಆ ಹೆಚ್ಚಿನ ವಾರವನ್ನೂ ಕೂತು ಕಳೆಯುತ್ತದೆ. ಆಮೇಲೆ ಮರಿಗಳು ಸೀದಾ ಕೆರೆಗೆ ಇಳಿದಾಗ ದಡದಲ್ಲಿ ಅದು ಪಡುವ ಸಂಕಟ ನೋಡಲಾಗದು. ಹಿಲ್ ಟಾಪ್‌ನಲ್ಲೂ ಹೀಗೆಯೇ. ಕ್ಯಾನನ್‌ನ ಹೆಂಡತಿ ಬಾತಿನ ಮೊಟ್ಟೆಗಳನ್ನು ಹುಡುಕಿ ತೆಗೆದು ಹೇಂಟೆಗೆ ಕೊಡುತ್ತಿದ್ದಳು. ಮಕ್ಕಳಿಗೆ ಆ ಹುಡುಕಾಟ ಒಂದು ಆಟ.

ಇಲ್ಲೊಂದು ಮಾತು ಸೇರಿಸಬೇಕು. ಸಾಕು ಬಾತಿನ ಮೂಲ ಕಾಡು ಮಲ್ಲಾರ್ಡ್ ಹಕ್ಕಿ. ಆ ಕಾಡು ಹೆಣ್ಣುಬಾತು ತನ್ನ ಎದೆಯ ಪುಕ್ಕ ಕಿತ್ತು ಗೂಡಿಗೆ ಹಾಸಿ, ನಾಲ್ಕು ವಾರ ಒಂಟಿಯಾಗಿ ಕೂತು ಮರಿ ಮಾಡುವುದರಲ್ಲಿ ಯಾವ ಕೋಳಿಗೂ ಕಡಿಮೆಯಿಲ್ಲ. ಹೆಚ್ಚು ಮೊಟ್ಟೆ, ಹೆಚ್ಚು ಮಾಂಸ ಬೇಕೆಂದು ಮನುಷ್ಯ ತಲೆಮಾರುಗಟ್ಟಲೆ ಆರಿಸುತ್ತ ಬಂದ. ಕಾವಿಗೆ ಕೂತ ಹಕ್ಕಿ ಮೊಟ್ಟೆಯಿಡುವುದನ್ನು ನಿಲ್ಲಿಸುತ್ತದಾದ್ದರಿಂದ ಕೂರದವುಗಳೇ ಉಳಿದವು. ಇವುಗಳಿಗೆ ತಾಳ್ಮೆಯಿಲ್ಲ ಎಂದು ಆಮೇಲೆ ದೂರಿದ.

1908ರಲ್ಲಿ ಬಂದ ‘ಜೆಮಿಮಾ ಪಡಲ್-ಡಕ್’ ಪುಸ್ತಕದ ಕತೆ ಶುರುವಾಗುವುದೇ ಈ ಅಂಗಳದ ಜಗಳದಿಂದ. ತನ್ನ ಮೊಟ್ಟೆಗೆ ತಾನೇ ಕಾವು ಕೂರಬೇಕೆಂದು ಹಟ ಹಿಡಿದ ಬಿಳಿ ಬಾತೊಂದು, ರೈತನ ಹೆಂಡತಿ ಬಿಡುವುದಿಲ್ಲವೆಂದು ಶಾಲು ಹೊದ್ದು, ಟೊಪ್ಪಿಗೆ ಕಟ್ಟಿಕೊಂಡು ಗುಡ್ಡ ದಾಟಿ ಹೋಗುತ್ತದೆ. ಕಾಡಿನಂಚಿನಲ್ಲಿ ಸಭ್ಯನಂತೆ ಮಾತಾಡುವ ನರಿಯೊಂದು ಗೂಡಿಗೆ ಜಾಗ ಕೊಡುತ್ತದೆ. ಆ ಕೊಟ್ಟಿಗೆಯ ತುಂಬ ಪುಕ್ಕ. ಯಾರ ಪುಕ್ಕ ಎಂದು ಬಾತು ಕೇಳಿಕೊಳ್ಳುವುದಿಲ್ಲ. ಬಾತನ್ನು ಬೇಯಿಸಲು ಬೇಕಾದ ಸೊಪ್ಪು, ಈರುಳ್ಳಿಯನ್ನು ಬಾತಿನ ಕೈಯಲ್ಲೇ ತರಿಸುತ್ತದೆ ನರಿ. ಕೆಪ್ ಎಂಬ ನಾಯಿ ಎರಡು ಬೇಟೆನಾಯಿ ಮರಿಗಳ ಜೊತೆ ಬಂದು ಬಾತನ್ನು ಉಳಿಸುತ್ತದೆ, ಆದರೆ ಮರಿಗಳು ಮೊಟ್ಟೆಗಳನ್ನೆಲ್ಲ ತಿಂದುಹಾಕುತ್ತವೆ. ಕೆಪ್ ಬಿಯಾಟ್ರಿಕ್ಸಳ ಸ್ವಂತ ನಾಯಿ. ಚಿತ್ರಗಳಲ್ಲಿರುವುದು ಹಿಲ್ ಟಾಪ್‌ನ ಗೇಟು, ಅಂಗಳ, ಊರಿನ ಹೋಟೆಲು. ರೈತನ ಹೆಂಡತಿಯೂ ಇದ್ದಾಳೆ, ಮಕ್ಕಳೂ ಇದ್ದಾರೆ. ಪುಸ್ತಕದ ಅರ್ಪಣೆ ರಾಲ್ಫ್ ಮತ್ತು ಬೆಟ್ಸಿಗೆ. ಫೋಟೋಗ್ರಾಫರ್ ಅಪ್ಪನಂತೆಯೇ, ಕಂಡದ್ದನ್ನು ಕಂಡ ಜಾಗದಲ್ಲೇ ಹಿಡಿಯುವ ಅಭ್ಯಾಸ.

ಬಾತು ಎಂದರೆ ಬಿಯಾಟ್ರಿಕ್ಸ್, ನರಿ ಎಂದರೆ ಇಂಥವನು ಎಂದು ಲೆಕ್ಕ ಹೊಂದಿಸುವುದು ನನಗೆ ಇಷ್ಟವಿಲ್ಲ. ನಾರ್ಮನ್ ನರಿಯಲ್ಲ, ಮತ್ತು ಆಕೆ ಬಾತನ್ನು ಪೆದ್ದಿ ಎಂದೇ ಚಿತ್ರಿಸಿದ್ದಾಳೆ. ಆದರೆ ಕತೆಯ ಕೊನೆ ನೋಡಿ. ಮುಂದಿನ ಸಲ ಇಟ್ಟ ಮೊಟ್ಟೆಗಳಿಗೆ ತಾನೇ ಕೂರಲು ಬಾತಿಗೆ ಅನುಮತಿ ಸಿಗುತ್ತದೆ. ಒಡೆದು ಬರುವುದು ನಾಲ್ಕೇ ಮರಿ. ನರಗಳ ದೌರ್ಬಲ್ಯ ಎಂದು ಬಾತು ಸಬೂಬು ಹೇಳುತ್ತದೆ, ಅದು ಯಾವಾಗಲೂ ಸರಿಯಾಗಿ ಕೂತದ್ದೇ ಇಲ್ಲ ಎಂದು ಲೇಖಕಿ ಹೇಳಿ ಮುಗಿಸುತ್ತಾಳೆ. ಮಕ್ಕಳ ಪುಸ್ತಕಕ್ಕೆ ಇದು ಒಗ್ಗದ ಮುಕ್ತಾಯ. ಗೆಲುವೂ ಅಲ್ಲ, ಶಿಕ್ಷೆಯೂ ಅಲ್ಲ. ತಡವಾಗಿ ಸಿಕ್ಕ ಅನುಮತಿಯಲ್ಲಿ ಆದಷ್ಟು ಆಯಿತು ಎಂಬ ಒಣ ಲೆಕ್ಕ. ನಲವತ್ತು ದಾಟಿದ, ಊರಿಗೆ ನಾಲ್ಕು ದಿನಕ್ಕೆಂದು ಬಂದು ಹೋಗುವ ಹೆಂಗಸು ಅದನ್ನು ಬರೆದದ್ದು ಎನ್ನುವುದನ್ನು ಮರೆತು ಓದಲು ನನ್ನಿಂದ ಆಗಿಲ್ಲ.

ಆ ಸೀಮೆಯಲ್ಲಿ ಆಕೆ ಇನ್ನಷ್ಟು ಜಮೀನು ಕೊಂಡಳು. ಕಾಗದಪತ್ರ ನೋಡಿಕೊಂಡವನು ಹಾಕ್ಸ್‌ಹೆಡ್‌ನ ವಕೀಲ ವಿಲಿಯಂ ಹೀಲಿಸ್. 1912ರಲ್ಲಿ ಅವನು ಮದುವೆಯ ಮಾತೆತ್ತಿದ. ಮತ್ತೆ ಅದೇ ರಾಮಾಯಣ. ಹಳ್ಳಿ ವಕೀಲ ತಮ್ಮ ಅಂತಸ್ತಿಗೆ ಸಮನಲ್ಲ ಎಂದು ಅಪ್ಪ ಅಮ್ಮನ ತಕರಾರು. ಹುಡುಗಿಗೆ 46. ಈ ತಿಕ್ಕಾಟ ನಡೆಯುತ್ತಿದ್ದಾಗ ಸ್ಕಾಟ್‌ಲೆಂಡಿನಲ್ಲಿ ಬೇಸಾಯ ಮಾಡಿಕೊಂಡಿದ್ದ ತಮ್ಮ ಬರ್ಟ್ರಮ್ ಬಾಯಿಬಿಟ್ಟ. ತನಗೆ ಮದುವೆಯಾಗಿ ಹನ್ನೊಂದು ವರ್ಷವಾಯಿತು ಎಂದ! 1902ರಲ್ಲೇ ಮೇರಿ ಸ್ಕಾಟ್ ಎಂಬವಳನ್ನು ಗುಟ್ಟಾಗಿ ಮದುವೆಯಾಗಿ, ಅಪ್ಪ ಅಮ್ಮನ ಮುಂದೆ ಬ್ರಹ್ಮಚಾರಿಯಂತೆ ಬಂದುಹೋಗುತ್ತಿದ್ದ. ಅಕ್ಕ ಬರೆದದ್ದಷ್ಟೇ ಗುಪ್ತಲಿಪಿಯಲ್ಲಿ, ತಮ್ಮ ಬದುಕಿದ್ದೇ ಗುಪ್ತಲಿಪಿಯಲ್ಲಿ. ಅಷ್ಟು ವರ್ಷ ಕುಟುಂಬದ ಫೋಟೋ ತೆಗೆದವನಿಗೆ ಮಗನ ಹೆಂಡತಿಯೇ ಕಂಡಿರಲಿಲ್ಲ.

ಮದುವೆ 1913ರ ಅಕ್ಟೋಬರ್ 15ರಂದು ಕೆನ್ಸಿಂಗ್ಟನ್‌ನ ಚರ್ಚಿನಲ್ಲಿ ಆಯಿತು. ಮಗಳು ಅಳಿಯ ಜೊತೆಯಲ್ಲಿರುವ ಆ ದಿನಗಳ ಫೋಟೋ ಉಳಿದಿದೆ. ತೆಗೆದವನು ರೂಪರ್ಟ್. ಎಂಬತ್ತೊಂದರ ಮುದುಕ, ಬೇಡವೆಂದ ಅಳಿಯನನ್ನು ಮಸೂರದ ಮುಂದೆ ನಿಲ್ಲಿಸಿ ಚಿತ್ರ ಸರಿಯಾಗಿ ಮೂಡುವಂತೆ ನೋಡಿಕೊಂಡಿದ್ದಾನೆ.

ಮುಂದಿನ ಮೇ ತಿಂಗಳಲ್ಲಿ ರೂಪರ್ಟ್ ತೀರಿಕೊಂಡ. ಮಗಳು ಸಾರಿಯಲ್ಲಿ ಶ್ರೀಮತಿ ಹೀಲಿಸ್ ಆಗಿ ಹರ್ಡ್‌ವಿಕ್ ಕುರಿ ಸಾಕುತ್ತ ಮೂವತ್ತು ವರ್ಷ ಬಾಳಿದಳು. 1943ರಲ್ಲಿ ಸತ್ತಾಗ ನಾಲ್ಕು ಸಾವಿರ ಎಕರೆಗೂ ಹೆಚ್ಚು ನೆಲವನ್ನು ಅಪ್ಪ ಸದಸ್ಯನಾಗಿದ್ದ ನ್ಯಾಷನಲ್ ಟ್ರಸ್ಟಿಗೇ ಬಿಟ್ಟಳು. ಅಮ್ಮ ಹೆಲೆನ್ ಲಂಡನ್ ಬಿಟ್ಟು ವಿಂಡರ್‌ಮಿಯರ್‌ನ ಆಚೆ ದಡದ ಲಿಂಡೆತ್ ಹೌ ಎಂಬ ಮನೆಗೆ ಬಂದು, 1932ರವರೆಗೆ, ತನ್ನ 93ನೆಯ ವಯಸ್ಸಿನವರೆಗೆ ಇದ್ದಳು. ಅವಳನ್ನು ನೋಡಲು ಮಗಳು ಅದೇ ದೋಣಿ ಹತ್ತುತ್ತಿದ್ದಳು, ಈಗ ಈಚೆಯಿಂದ ಆಚೆಗೆ. ಸಂಜೆಯೊಳಗೆ ತನ್ನ ಮನೆಗೆ ಹಿಂದಿರುಗುತ್ತಿದ್ದಳು.